ನೀಲಿ ನಿಲುವಂಗಿಯ ವಿದ್ಯಾರ್ಥಿಗಳು

ಆಂಗ್ಲ ಸಾಹಿತ್ಯವನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ ಕೋಲ್‌ರಿಜ್, ಚಾರ್ಲ್ಸ್ ಲ್ಯಾಂಬ್, ಲೀ ಹಂಟ್ ಎಂಬ ಹೆಸರುಗಳು ಚಿರಪರಿಚಿತವಾದವು. ಈ ಮೂವರೂ ಒಂದೇ ಶಾಲೆಯ ಅನ್ನವನ್ನುಂಡು ಬೆಳೆದವರೆಂಬ ಸಂಗತಿ, ಆ ಅನ್ನವು ದಾನದ ಅನ್ನವಾಗಿತ್ತೆಂಬ ಸಂಗತಿ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬುದೇ ಆ ಶಾಲೆ. ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ರೋಗಿಗಳ ಆಸ್ಪತ್ರೆಯಲ್ಲ. ದಿಕ್ಕಿಲ್ಲದವರಿಗೆ ಆಶ್ರಯವೀಯುವ ಧರ್ಮಶಾಲೆ ಎಂಬ ಹಳೆಯ ಅರ್ಥದಲ್ಲಿ ಆ ಶಬ್ದವು ಅಲ್ಲಿ ನಿಂತಿದೆ.

ನ್ಯೂಗೇಟ್ ಬೀದಿಯಲ್ಲಿ ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿಗಳ ಮಠವೊಂದಿತ್ತು. ಎಂಟನೆಯ ಹೆನ್ರಿಯು 1538ರಲ್ಲಿ ಅದನ್ನು ಮುಚ್ಚಿಸಿದನು. ಬರಿದಾದ ಆ ಕಟ್ಟಡಗಳಲ್ಲಿ 1552ರಲ್ಲಿ, ಆರನೆಯ ಎಡ್ವರ್ಡನ ಆಳಿಕೆಯಲ್ಲಿ, ಲಂಡನ್ ನಗರದ ಪೌರರು ಬಡಮಕ್ಕಳಿಗಾಗಿ ಈ ಶಾಲೆಯನ್ನು ತೆರೆದರು. ಮೊದಲಿಗೆ ಸೇರಿದ ಮಕ್ಕಳು 380. ಮರುವರ್ಷ ಜೂನ್ ತಿಂಗಳ ಕೊನೆಯಲ್ಲಿ ಎಳೆಯ ದೊರೆಯು ಶಾಲೆಯ ಸನದಿಗೆ ಅಂಕಿತ ಹಾಕಿ, ಹತ್ತು ದಿನಗಳು ಕಳೆಯುವಷ್ಟರಲ್ಲಿ ತೀರಿಕೊಂಡನು. ಮಠ ಹೋದರೂ ಮಠದ ಮುಖ್ಯ ಕಾರ್ಯವಾದ ಅನ್ನ, ವಸ್ತ್ರ, ವಿದ್ಯೆಗಳ ದಾಸೋಹವು ಅದೇ ಗೋಡೆಗಳ ನಡುವೆ ಮುಂದುವರಿಯಿತೆನ್ನಬಹುದು. ನಮ್ಮ ನಾಡಿನ ಉಚಿತ ಪ್ರಸಾದನಿಲಯಗಳಲ್ಲಿ ಇದ್ದು ಓದಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳಿಗೆ ಕಾಲುಮುಟ್ಟುವ ನೀಲಿ ನಿಲುವಂಗಿ, ಸೊಂಟಕ್ಕೆ ಚರ್ಮದ ಪಟ್ಟಿ, ಹಳದಿ ಕಾಲುಚೀಲ, ಕೊರಳಲ್ಲಿ ಬಿಳಿಯ ಪಟ್ಟಿ. ಬಡವರ ಮಕ್ಕಳೆಂದು ದೂರದಿಂದಲೇ ಗುರುತಿಸಬಹುದಾಗಿದ್ದ ಈ ಉಡುಪು ಕಾಲಾಂತರದಲ್ಲಿ ಹೆಮ್ಮೆಯ ಗುರುತಾಗಿ, ಇಂದಿಗೂ ಬಳಕೆಯಲ್ಲಿದೆ.

1782ರಲ್ಲಿ, ಒಂದೇ ವರ್ಷದಲ್ಲಿ, ಇಬ್ಬರು ಬಾಲಕರು ಈ ಅಂಗಿಯನ್ನು ತೊಟ್ಟರು. ಕೋಲ್‌ರಿಜ್ ಡೆವನ್ ಪ್ರಾಂತದ ಹಳ್ಳಿಗಾಡಿನಿಂದ ಬಂದವನು. ಪಾದ್ರಿಯೂ ಉಪಾಧ್ಯಾಯನೂ ಆಗಿದ್ದ ತಂದೆ ಹಿಂದಿನ ವರ್ಷ ಮರಣಹೊಂದಿದ್ದನು. ಲ್ಯಾಂಬನಾದರೋ ಲಂಡನ್ನಿನಲ್ಲಿಯೇ ಹುಟ್ಟಿದವನು. ಅವನ ತಂದೆ ಸ್ಯಾಮ್ಯುಯೆಲ್ ಸಾಲ್ಟ್ ಎಂಬ ಅನುಕೂಲಸ್ಥ ನ್ಯಾಯವಾದಿಯ ಬಳಿ ಗುಮಾಸ್ತೆ. ಒಬ್ಬನಿಗೆ ಮನೆ ನೂರಾರು ಮೈಲಿ ದೂರ, ಇನ್ನೊಬ್ಬನಿಗೆ ಕೂಗಳತೆಯಲ್ಲಿ. ಈ ವ್ಯತ್ಯಾಸದಿಂದ ಮುಂದೆ ಆಂಗ್ಲ ಗದ್ಯಕ್ಕೆ ಒಂದು ಅಪೂರ್ವ ಪ್ರಬಂಧ ದೊರೆಯಿತು.

ಲ್ಯಾಂಬ್ 1813ರಲ್ಲಿ ತನ್ನ ಶಾಲೆಯನ್ನು ಕುರಿತು ಒಂದು ಲೇಖನ ಬರೆದನು. ಅದು ಸ್ತುತಿ; ಕೃತಜ್ಞನಾದ ಹಳೆಯ ವಿದ್ಯಾರ್ಥಿಯೊಬ್ಬನು ಬರೆಯಬೇಕಾದಂಥದೇ. ಏಳು ವರ್ಷಗಳ ತರುವಾಯ, 1820ರ ನವೆಂಬರಿನಲ್ಲಿ, 'ಎಲಿಯ' ಎಂಬ ಗುಪ್ತನಾಮದಿಂದ ಅದೇ ಶಾಲೆಯ ಮೇಲೆ ಮತ್ತೊಂದು ಪ್ರಬಂಧ ಪ್ರಕಟಿಸಿದನು. ಇದರಲ್ಲಿ ಮಾತನಾಡುವವನು ಲ್ಯಾಂಬನಲ್ಲ. ಲಂಡನ್ನಿನಲ್ಲಿ ತನ್ನವರೆಂಬವರು ಒಬ್ಬರೂ ಇಲ್ಲದ ಬಾಲಕ, ಅಂದರೆ ಕೋಲ್‌ರಿಜ್‌ನ ಪಡಿಯಚ್ಚು. ಲ್ಯಾಂಬನಿಗೇನು, ಅವನಿಗೆ ಮನೆಯಿಂದ ರುಚಿಯಾದ ತಿಂಡಿ ಬರುತ್ತಿತ್ತು, ಮುದಿ ಅತ್ತೆ ತಟ್ಟೆ ಹೊತ್ತು ತರುತ್ತಿದ್ದಳು, ಅಧಿಕಾರಿಗಳ ಕೃಪೆಯಿತ್ತು, ಆದುದರಿಂದಲೇ ಹೊಗಳಿ ಬರೆದಿದ್ದಾನೆ ಎಂದು ಈ ಬಾಲಕ ಆಕ್ಷೇಪಿಸುತ್ತಾನೆ. ತನ್ನ ಪಾಲಿಗೆ ಬಂದದ್ದು ನೀರಾದ ಗಂಜಿ, ಸಪ್ಪೆ ಬೇಳೆಯ ಸಾರು, ರಜೆಯ ದಿನ ಹೋಗಲು ಮನೆಯಿಲ್ಲದೆ ಬೀದಿ ಅಲೆಯುವ ಒಂಟಿತನ. ತನ್ನ ಸ್ತುತಿಗೆ ತಾನೇ ಎದುರುವಾದಿಯಾಗಿ ನಿಂತು, ಗೆಳೆಯನ ನಾಲಗೆಯಿಂದ ಸಾಕ್ಷ್ಯ ನುಡಿಸಿದ ಲೇಖಕರು ವಿರಳ. ಹಳೆಯ ವಿದ್ಯಾರ್ಥಿಗಳ ನೆನಪಿನಿಂದ ಒಂದು ಸಂಸ್ಥೆಯ ಚರಿತ್ರೆಯನ್ನು ಕಟ್ಟಲೆಳಸುವವರು ಈ ಎರಡು ಬರಹಗಳನ್ನು ಜೊತೆಯಲ್ಲಿಟ್ಟು ಓದತಕ್ಕದ್ದು. ಅತ್ತೆಯಿದ್ದವನ ನೆನಪು ಬೇರೆ, ಇಲ್ಲದವನ ನೆನಪು ಬೇರೆ.

ಓಡಿಹೋದ ಹುಡುಗರ ಶಿಕ್ಷೆಯನ್ನೂ ಈ ಪ್ರಬಂಧವು ಮುಚ್ಚಿಡುವುದಿಲ್ಲ. ಮೊದಲ ಸಲಕ್ಕೆ ಕಾಲಿಗೆ ಬೇಡಿ, ಎರಡನೆಯ ಸಲಕ್ಕೆ ಕತ್ತಲೆಯ ಕಿರುಕೋಣೆ, ಮೂರನೆಯ ಸಲಕ್ಕೆ ಎಲ್ಲರೆದುರು ಬಹಿಷ್ಕಾರ. ಹೊಸ ಅಂಗಿ ತೊಟ್ಟ ದಿನವೇ ಬೇಡಿ ಹಾಕಿದ ಬಾಲಕನನ್ನು ಕಂಡ ಮಗುವಿನ ಮನಸ್ಸು ಏನಾಗಿರಬೇಡ! ಆದರೆ ಅಲ್ಲಿಯೇ ಬೇರೊಂದು ಕಥೆಯೂ ಇದೆ. ಒಬ್ಬ ಹುಡುಗ ಊಟದ ಮೇಜಿನ ಮೇಲೆ ಇತರರು ಬಿಟ್ಟ ಮಾಂಸದ ಕೊಬ್ಬಿನ ತುಣುಕುಗಳನ್ನು ಆಯ್ದು ಗುಟ್ಟಾಗಿ ಕೂಡಿಡುತ್ತಿದ್ದನು. ಇರುಳಲ್ಲಿ ತಾನೇ ತಿನ್ನುವನೆಂದು ಬಗೆದ ಸಹಪಾಠಿಗಳು ಅವನ ಸಂಗವನ್ನೇ ತ್ಯಜಿಸಿದರು. ರಜೆಯ ದಿನ ಇಬ್ಬರು ಅವನನ್ನು ಹಿಂಬಾಲಿಸಿ ನೋಡಲಾಗಿ, ನಿರ್ಗತಿಕರು ವಾಸಿಸುವ ಒಂದು ಮುರುಕು ಕಟ್ಟಡದ ಮೇಲಂತಸ್ತಿಗೆ ಅವನು ಏರಿದನು. ಬಾಗಿಲು ತೆರೆದವಳು ಹರಕು ಬಟ್ಟೆಯ ಮುದುಕಿ. ವಿಚಾರಣೆ ನಡೆದಾಗ ತಿಳಿದದ್ದು, ಅಲ್ಲಿದ್ದವರು ಅವನ ತಂದೆತಾಯಿಗಳು. ಶಾಲೆಯ ಆಡಳಿತ ಮಂಡಲಿಯು ಆ ಕುಟುಂಬಕ್ಕೆ ಸಹಾಯ ನೀಡಿ, ಹುಡುಗನಿಗೆ ಬೆಳ್ಳಿಯ ಪದಕವನ್ನಿತ್ತು ಗೌರವಿಸಿತು. ತಾನುಂಡ ದಾನದಲ್ಲಿ ಹೆತ್ತವರಿಗೂ ಪಾಲು ತೆಗೆದ ಆ ಬಾಲಕ ಲ್ಯಾಂಬನ ಪುಟಗಳಲ್ಲಿ ಹೆಸರಿಲ್ಲದೆಯೇ ಉಳಿದಿದ್ದಾನೆ.

ಮೇಲಿನ ತರಗತಿಗಳ ಗುರು ಜೇಮ್ಸ್ ಬೋಯರ್ ಕಠೋರನೆಂದು ಪ್ರಸಿದ್ಧನು. ಅವನಿಗೆ ಎರಡು ಕೃತಕ ಕೇಶದ ಟೋಪಿಗಳಿದ್ದುವಂತೆ. ಒಂದು ಹೊಸತು, ಶಾಂತಿಯ ಸೂಚನೆ. ಇನ್ನೊಂದು ಬಣ್ಣಗೆಟ್ಟದ್ದು, ಬೆತ್ತದ ಮುನ್ಸೂಚನೆ. ಹೋಮರನ ಗ್ರಂಥದಿಂದಲೇ ಹೊಡೆದು ತನ್ನ ಹಲ್ಲುದುರಿಸಿದನೆಂದು ಲೀ ಹಂಟ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಷ್ಟಾದರೂ ಕಾವ್ಯಕ್ಕೆ ವಿಜ್ಞಾನಕ್ಕಿರುವಷ್ಟೇ ಬಿಗಿಯಾದ ತರ್ಕವುಂಟು, ಮಹಾಕವಿಯ ಪ್ರತಿಯೊಂದು ಪದಕ್ಕೂ ಕಾರಣವುಂಟು ಎಂಬ ಪಾಠವನ್ನು ತನಗೆ ಕಲಿಸಿದವನು ಬೋಯರನೇ ಎಂದು ಕೋಲ್‌ರಿಜ್ 1817ರ ತನ್ನ 'ಬಯಾಗ್ರಫಿಯ ಲಿಟರೇರಿಯ'ದಲ್ಲಿ ಋಣ ಸಲ್ಲಿಸಿದ್ದಾನೆ. ಗಣಿತದ ಗುರು ವಿಲಿಯಂ ವೇಲ್ಸ್ ಎಂಬವನು ಕ್ಯಾಪ್ಟನ್ ಕುಕ್ಕನ ಎರಡನೆಯ ನೌಕಾಯಾತ್ರೆಯಲ್ಲಿ ದಕ್ಷಿಣ ಧ್ರುವದ ಹಿಮಸಾಗರವನ್ನು ಕಣ್ಣಾರೆ ಕಂಡು ಬಂದವನು. ಮುಂದೆ ಹಿಮಸಾಗರದ ನಾವಿಕನ ಕಥೆಯನ್ನು ಹಾಡಿದ ಕವಿ ಇವನ ಕಾಲದ ವಿದ್ಯಾರ್ಥಿಯಾಗಿದ್ದುದನ್ನು ವಿಮರ್ಶಕರು ಆಗಾಗ ನೆನೆಯುವುದು ಸಹಜವೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಶಾಲೆಯಲ್ಲಿ ಅಗ್ರಗಣ್ಯರಾದ ಕೆಲವೇ ವಿದ್ಯಾರ್ಥಿಗಳಿಗೆ 'ಗ್ರೀಷಿಯನ್' ಎಂಬ ಪದವಿಯಿತ್ತು. ಅವರು ಶಾಲೆಯ ವೆಚ್ಚದಲ್ಲಿ ವಿಶ್ವವಿದ್ಯಾನಿಲಯಕ್ಕೆ ಹೋಗುವರು. ಬಳಿಕ ಪಾದ್ರಿಗಳಾಗಬೇಕೆಂಬುದು ನಿರೀಕ್ಷೆ. ಉಳಿದ ಬಹುಮಂದಿ ಹದಿನಾಲ್ಕು ಹದಿನೈದರ ವಯಸ್ಸಿಗೆ ಅಂಗಡಿಗೋ ಕಚೇರಿಗೋ ಹಡಗಿಗೋ ಹೋಗತಕ್ಕವರು. ಲ್ಯಾಂಬನಿಗೆ ಲ್ಯಾಟಿನ್ ಚೆನ್ನಾಗಿ ಬರುತ್ತಿತ್ತು, ಆದರೆ ಮಾತು ತೊದಲುತ್ತಿತ್ತು. ತೊದಲುವವನು ಚರ್ಚಿನ ಪೀಠದಿಂದ ಉಪದೇಶಿಸುವುದೆಂತು? 1789ರಲ್ಲಿ ಅವನ ಓದು ಮುಗಿಯಿತು. ಒಂಬತ್ತು ವರ್ಷ ಕಿರಿಯನಾದ ಲೀ ಹಂಟನಿಗೂ ಅದೇ ತೊದಲು ಅಡ್ಡ ಬಂದಿತು. ಆ ದಾನಶಾಲೆಯು ಜಾತಿಕುಲಗಳನ್ನಾಗಲಿ ಸಂಪತ್ತನ್ನಾಗಲಿ ಅಳೆಯಲಿಲ್ಲವೆಂದು ಒಪ್ಪಿದರೂ ನಾಲಗೆಯನ್ನು ಅಳೆಯಿತು.

ಗ್ರೀಷಿಯನ್ ಆದ ಕೋಲ್‌ರಿಜ್‌ನ ಕಥೆಯೂ ನೇರವಲ್ಲ. ಅವನು ಪಾಠಕ್ಕೆಂದಲ್ಲದೆ ಕೇವಲ ಸಂತೋಷಕ್ಕಾಗಿ ವರ್ಜಿಲನನ್ನು ಓದುತ್ತಿದ್ದುದನ್ನು ಕಂಡು ಬೋಯರನಿಗೆ ತಿಳಿಸಿದವನು ಹಿರಿಯ ವಿದ್ಯಾರ್ಥಿ ಥಾಮಸ್ ಮಿಡಲ್ಟನ್. 1791ರಲ್ಲಿ ಕೇಂಬ್ರಿಜ್‌ನ ಜೀಸಸ್ ಕಾಲೇಜನ್ನು ಸೇರಿದ ಕೋಲ್‌ರಿಜ್ ಸಾಲಗಳಿಗೆ ಸಿಲುಕಿ, 1793ರ ಡಿಸೆಂಬರಿನಲ್ಲಿ ಸುಳ್ಳು ಹೆಸರು ಹೇಳಿ ಅಶ್ವದಳಕ್ಕೆ ಭರ್ತಿಯಾದನು. ಕುದುರೆಯ ಮೇಲೆ ಕೂರಲೂ ಬಾರದ ಸೈನಿಕನನ್ನು ಅಣ್ಣಂದಿರು ಕೆಲವು ತಿಂಗಳಲ್ಲಿ ಬಿಡಿಸಿಕೊಂಡು ಬಂದರು. ಪದವಿಯನ್ನು ಪಡೆಯದೆಯೇ 1794ರಲ್ಲಿ ವಿಶ್ವವಿದ್ಯಾನಿಲಯವನ್ನು ಬಿಟ್ಟನು. 1798ರಲ್ಲಿ ವರ್ಡ್ಸ್‌ವರ್ತನೊಡನೆ 'ಲಿರಿಕಲ್ ಬ್ಯಾಲಡ್ಸ್' ಪ್ರಕಟಿಸಿದ ಮೇಲಿನ ಅವನ ಚರಿತ್ರೆ ಎಲ್ಲರಿಗೂ ತಿಳಿದದ್ದೇ.

ಬಾಗಿಲು ಮುಚ್ಚಿದ ಲ್ಯಾಂಬ್ 1792ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯ ಕಂಪನಿಯ ಲೆಕ್ಕದ ಕಚೇರಿಯನ್ನು ಸೇರಿದನು. ಮೊದಲ ಮೂರು ವರ್ಷ ಸಂಬಳವಿಲ್ಲ. ನಮ್ಮ ದೇಶದಿಂದ ಹೋದ ನೀಲಿ, ಬಟ್ಟೆ, ಚೀನದ ಚಹ ಇವುಗಳ ಹರಾಜಿನ ಲೆಕ್ಕಗಳನ್ನು ಮೂವತ್ತಮೂರು ವರ್ಷ ಬರೆದನು. ತನ್ನ ನಿಜವಾದ ಸಂಪುಟಗಳು ಆ ಕಚೇರಿಯ ಕಪಾಟುಗಳಲ್ಲಿವೆಯೆಂದು ಮುಂದೆ ತಾನೇ ವಿನೋದವಾಡಿದನು. ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಟಿಪ್ಪುವಿನ ಅರಮನೆಯಿಂದ ಕೊಂಡೊಯ್ದ ಮರದ ಯಂತ್ರವ್ಯಾಘ್ರವನ್ನು 1808ರಿಂದ ಪ್ರದರ್ಶನಕ್ಕಿಟ್ಟದ್ದು ಇದೇ ಕಂಪನಿಯ ಲೆಡನ್‌ಹಾಲ್ ಬೀದಿಯ ಸೌಧದಲ್ಲಿ. ಹಿಡಿಕೆ ತಿರುಗಿಸಿದರೆ ಬಿದ್ದ ಐರೋಪ್ಯನ ನರಳಾಟವೂ ಹುಲಿಯ ಗರ್ಜನೆಯೂ ಕೇಳಿಬರುತ್ತಿದ್ದ ಆ ಆಟಿಕೆಯೂ ಎಲಿಯನ ಬರವಣಿಗೆಯ ಮೇಜೂ ಹದಿನೇಳು ವರ್ಷ ಒಂದೇ ಸೂರಿನಡಿ ಇದ್ದುವು. ಕನ್ನಡಿಗರಾದ ನಾವು ಇದನ್ನು ಓದಿ ಒಂದು ಕ್ಷಣ ನಿಲ್ಲದಿರಲಾರೆವು.

ಮನೆಯ ಸ್ಥಿತಿ ಇನ್ನೂ ಕಠಿನ. 1796ರ ಸೆಪ್ಟೆಂಬರಿನಲ್ಲಿ ಅಕ್ಕ ಮೇರಿ ಚಿತ್ತಭ್ರಮೆಯ ಆವೇಗದಲ್ಲಿ ತಾಯಿಯನ್ನೇ ಇರಿದು ಕೊಂದಳು. ಇಪ್ಪತ್ತೊಂದರ ಲ್ಯಾಂಬ್ ಆ ಘೋರದಲ್ಲಿ ಪತ್ರ ಬರೆದು ಸಾಂತ್ವನ ಬೇಡಿದ್ದು ಶಾಲೆಯ ಗೆಳೆಯ ಕೋಲ್‌ರಿಜ್‌ನಲ್ಲಿ. ಅಕ್ಕನನ್ನು ಆಜೀವ ಹುಚ್ಚಾಸ್ಪತ್ರೆಗೆ ಬಿಡಲೊಪ್ಪದೆ ಹೊಣೆ ಹೊತ್ತನು, ಮದುವೆಯಾಗಲಿಲ್ಲ. 1807ರಲ್ಲಿ ಇಬ್ಬರೂ ಸೇರಿ ಷೇಕ್ಸ್‌ಪಿಯರನ ನಾಟಕಗಳ ಕಥೆಗಳನ್ನು ಬರೆದರು. ನಮ್ಮ ಪ್ರೌಢಶಾಲೆಗಳಲ್ಲಿಯೂ ಓದಿದ ಆ ಗ್ರಂಥದಲ್ಲಿ ಹರ್ಷನಾಟಕಗಳ ಭಾಗ ಮೇರಿಯದು, ದುರಂತಗಳದು ತಮ್ಮನದು. ಮುಖಪುಟದಲ್ಲಿ ಮಾತ್ರ ಅವಳ ಹೆಸರಿರಲಿಲ್ಲ. 1825ರಲ್ಲಿ ಕಂಪನಿಯು ವರ್ಷಕ್ಕೆ 441 ಪೌಂಡುಗಳ ನಿವೃತ್ತಿ ವೇತನವನ್ನಿತ್ತು ಅವನನ್ನು ಬಿಟ್ಟುಕೊಟ್ಟಿತು. 1834ರ ಜುಲೈಯಲ್ಲಿ ಕೋಲ್‌ರಿಜ್, ಡಿಸೆಂಬರಿನಲ್ಲಿ ಲ್ಯಾಂಬ್ ತೀರಿಕೊಂಡರು.

ಲೀ ಹಂಟ್ ಪತ್ರಿಕೋದ್ಯಮಕ್ಕಿಳಿದು, ಯುವರಾಜನನ್ನು ನಿಂದಿಸಿದ ಆರೋಪದ ಮೇಲೆ 1813ರಿಂದ ಎರಡು ವರ್ಷ ಸೆರೆಮನೆಯಲ್ಲಿದ್ದನು. ಕೀಟ್ಸನ ಕವಿತೆಯನ್ನು ಮೊದಲು ಅಚ್ಚಿಸಿದವನು ಅವನೇ. ಅವನ ಸಹಪಾಠಿ ಥಾಮಸ್ ಬಾರ್ನ್ಸ್ 1817ರಿಂದ 1841ರವರೆಗೆ 'ಟೈಮ್ಸ್' ಪತ್ರಿಕೆಯ ಸಂಪಾದಕನಾಗಿದ್ದು ಮಂತ್ರಿಗಳೂ ಅಂಜುವಂತೆ ಬರೆಸಿದನು.

ಶಾಲೆಯು ಬಯಸಿದ ಮಾರ್ಗದಲ್ಲಿ ನೇರವಾಗಿ ನಡೆದವನು ಮಿಡಲ್ಟನ್. ಗ್ರೀಷಿಯನ್ ಆಗಿ, ಕೇಂಬ್ರಿಜ್‌ನಲ್ಲಿ ಓದಿ, ಗ್ರೀಕ್ ವ್ಯಾಕರಣದ ಮೇಲೆ ಗ್ರಂಥ ಬರೆದು, 1814ರಲ್ಲಿ ಕಲ್ಕತ್ತೆಯ ಪ್ರಥಮ ಬಿಷಪ್ಪನಾದನು. ಕಂಪನಿಯ ಆಳಿಕೆಯ ಇಡೀ ಭಾರತವೇ ಅವನ ಧರ್ಮಪ್ರಾಂತ. ಅಲ್ಲಿ ಬಿಷಪ್ಸ್ ಕಾಲೇಜನ್ನು ಸ್ಥಾಪಿಸಿ 1822ರಲ್ಲಿ ಕಲ್ಕತ್ತೆಯಲ್ಲಿಯೇ ಮಡಿದನು. ಅದೇ ಪಟ್ಟಣಕ್ಕೆ ನಾಲ್ಕು ದಶಕಗಳ ಮೇಲೆ ಬಂದ ಇನ್ನೊಬ್ಬ ನೀಲಿ ಅಂಗಿಯವನು ಹೆನ್ರಿ ಮೇನ್. 1861ರಲ್ಲಿ 'ಏನ್ಷಂಟ್ ಲಾ' ಬರೆದು ಖ್ಯಾತನಾಗಿದ್ದ ಈ ಪಂಡಿತನು 1862ರಿಂದ 1869ರವರೆಗೆ ವೈಸರಾಯನ ಮಂಡಲಿಯಲ್ಲಿ ಕಾನೂನು ಸದಸ್ಯ. 1865ರ ಭಾರತೀಯ ಉತ್ತರಾಧಿಕಾರ ಶಾಸನ ಅವನ ಕಾಲದ್ದು. ಬ್ರಹ್ಮಸಮಾಜದವರ ಬೇಡಿಕೆಯ ಮೇರೆಗೆ ಅವನು 1868ರಲ್ಲಿ ಮಂಡಿಸಿದ ವಿವಾಹ ಮಸೂದೆ ಮಾರ್ಪಾಡುಗಳೊಡನೆ 1872ರಲ್ಲಿ ಕಾಯಿದೆಯಾಯಿತು. ಧರ್ಮವಿಧಿಯ ಹೊರಗೆ ನಡೆಯುವ ಮದುವೆಗೆ ಈ ದೇಶದಲ್ಲಿ ಕಾನೂನಿನ ಮನ್ನಣೆ ಅಲ್ಲಿಂದ ಮೊದಲಾಯಿತು. ಇನ್ನು ಲೂಯಿ ಕವಾನ್ಯಾರಿ ಸೈನಿಕನಾಗಿ ಬಂದು, 1879ರಲ್ಲಿ ಆಫ್ಘಾನಿಸ್ತಾನದೊಡನೆ ಗಂಡಮಕ್ ಒಪ್ಪಂದಕ್ಕೆ ಸಹಿ ಹಾಕಿ, ಅದೇ ಸೆಪ್ಟೆಂಬರಿನಲ್ಲಿ ಕಾಬೂಲಿನ ದಂಗೆಯಲ್ಲಿ ಹತನಾದನು. ಬಡವರ ಅನ್ನಛತ್ರದ ಮಕ್ಕಳು ಪರದೇಶದ ಆಳಿಕೆಗೆ ಲೆಕ್ಕಿಗರೂ ಶಾಸಕರೂ ಸೇನಾನಿಗಳೂ ಆಗಿ ಒದಗಿದ್ದನ್ನು ಆ ಶಾಲೆಯ ಅಭಿಮಾನಿಗಳು ಹೇಗೆ ಕಾಣುವರೋ ಹಾಗೆಯೇ ನಾವು ಕಾಣಬೇಕಾಗಿಲ್ಲ.

1902ರಲ್ಲಿ ಶಾಲೆಯು ಲಂಡನ್ನನ್ನು ಬಿಟ್ಟು ಸಸೆಕ್ಸಿನ ಹಾರ್‌ಶಮ್ ಎಂಬಲ್ಲಿಗೆ ನೆಲೆ ಬದಲಿಸಿತು. ಹೊಸ ನೆಲೆಯಲ್ಲಿ ಓದಿದ ಎಡ್ಮಂಡ್ ಬ್ಲಂಡನ್ ಮೊದಲ ಮಹಾಯುದ್ಧದ ಕಂದಕಗಳಿಂದ ಬದುಕಿ ಬಂದು 1928ರಲ್ಲಿ ಅದರ ಸ್ಮೃತಿಗ್ರಂಥವನ್ನು ಬರೆದನು. ಅವನು ಆಕ್ಸ್‌ಫರ್ಡಿನಲ್ಲಿ ಗುರುವಾಗಿದ್ದಾಗ ಶಿಷ್ಯನಾಗಿ ದೊರೆತ ತರುಣ ಕವಿ ಕೀತ್ ಡಗ್ಲಸ್ ಕೂಡ ಇದೇ ಶಾಲೆಯವನು. 1944ರ ಜೂನಿನಲ್ಲಿ ನಾರ್ಮಂಡಿಯ ರಣದಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಮಡಿದನು.

ಲಂಡನ್ನಿನಲ್ಲಿ ಓದನ್ನಾರಂಭಿಸಿ ಹಾರ್‌ಶಮ್‌ನಲ್ಲಿ ಮುಗಿಸಿದ ಬಾರ್ನ್ಸ್ ವಾಲಿಸ್ ಹದಿನಾರಕ್ಕೇ ಶಾಲೆ ಬಿಟ್ಟು ಯಂತ್ರಶಿಲ್ಪದ ಕಾರ್ಖಾನೆ ಸೇರಿದವನು. ಪದವಿಯನ್ನು ಮೂವತ್ತು ದಾಟಿದ ಮೇಲೆ, 1922ರಲ್ಲಿ, ಕಾಲೇಜಿಗೆ ಹೋಗದೆಯೇ ಪಡೆದನು. 1943ರಲ್ಲಿ ಜರ್ಮನಿಯ ಅಣೆಕಟ್ಟುಗಳನ್ನೊಡೆದ, ನೀರ ಮೇಲೆ ಪುಟಿಯುವ ಬಾಂಬನ್ನು ರಚಿಸಿದವನು ಅವನೇ. ಆ ದಾಳಿಗೆ ಹೋದ 133 ವೈಮಾನಿಕರಲ್ಲಿ 53 ಮಂದಿ ಮರಳಲಿಲ್ಲವೆಂಬುದು ಅವನನ್ನು ಕಡೆಯತನಕ ಕಾಡಿತು. ಯುದ್ಧಕಾಲದ ಸಂಶೋಧನೆಗಾಗಿ ಸರಕಾರವು 1951ರಲ್ಲಿ 10,000 ಪೌಂಡುಗಳನ್ನಿತ್ತಾಗ, ಅಷ್ಟನ್ನೂ ತನ್ನ ಹಳೆಯ ಶಾಲೆಗೆ ಒಪ್ಪಿಸಿ, ವಾಯುಪಡೆಯ ಸೇವೆಯಲ್ಲಿ ಪ್ರಾಣವಿತ್ತವರ ಮಕ್ಕಳು ಅಲ್ಲಿ ಓದುವಂತೆ ನಿಧಿಯೊಂದನ್ನು ಏರ್ಪಡಿಸಿದನು.