ಯಾರ ಸರದಿ ಮೊದಲು? ಸೇಲಂ–ಧರ್ಮಪುರಿ ಸೀಮೆಯ ಜಾಲ ಸಂಚಾರ ನಿಯಮಗಳ ಚರಿತ್ರೆ

ಒಂದು ತಂತಿಯನ್ನು ಹಲವರು ಹಂಚಿಕೊಳ್ಳುವಲ್ಲೆಲ್ಲ ಯಾರ ಸರದಿ ಮೊದಲು ಎಂಬ ಪ್ರಶ್ನೆ ಹುಟ್ಟುತ್ತದೆ. ಬ್ರಾಡ್‌ಬ್ಯಾಂಡ್ ಸಲಕರಣೆಗಳಲ್ಲಿ ಇಂಜಿನಿಯರರು ಸಂಚಾರ ನಿಯಮಗಳನ್ನು ಹಾಕಿರುತ್ತಾರೆ. ಯಾವ ಗ್ರಾಹಕನಿಗೆ ಎಷ್ಟು ವೇಗ, ಯಾವ ಬಗೆಯ ಮಾಹಿತಿಗೆ ಮುಂದಿನ ಸಾಲು, ದಟ್ಟಣೆಯಾದಾಗ ಯಾವುದನ್ನು ಕೈಬಿಡಬೇಕು ಎಂಬುದನ್ನೆಲ್ಲ ಅವೇ ತೀರ್ಮಾನಿಸುತ್ತವೆ. ಇವನ್ನು ಬರಿಯ ತಾಂತ್ರಿಕ ವಿವರವೆಂದು ಬದಿಗಿಡುವುದು ರೂಢಿ. ಸೇಲಂ, ಧರ್ಮಪುರಿ ಜಿಲ್ಲೆಗಳನ್ನು ಮುಂದಿಟ್ಟುಕೊಂಡು ಇವುಗಳ ಹಿನ್ನೆಲೆಯನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಹಳೆಯ ನಿಯಮ ಕಠೋರವಾಗಿತ್ತು, ಆದರೆ ಎಲ್ಲರಿಗೂ ಗೊತ್ತಿತ್ತು. ಹೊಸ ನಿಯಮ ನಾಜೂಕಾಗಿದೆ, ಆದರೆ ಅದಕ್ಕೆ ಒಳಪಟ್ಟವರ ಕಣ್ಣಿಗೆ ಬೀಳುವುದಿಲ್ಲ. ಹಂಚಿಕೆಯ ತೀರ್ಮಾನ ದರಪಟ್ಟಿಯಿಂದ ಯಂತ್ರದೊಳಕ್ಕೆ ಸರಿದದ್ದೇ ಈ ಚರಿತ್ರೆಯ ಮುಖ್ಯ ಘಟನೆ ಎಂಬುದು ನನ್ನ ವಾದ.

ಸೇಲಂ ಜಿಲ್ಲೆಯಿಂದ 1965ರ ಅಕ್ಟೋಬರ್ 2ರಂದು ಧರ್ಮಪುರಿ, ಧರ್ಮಪುರಿಯಿಂದ 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಬೇರೆಯಾದವು. ಸೇಲಂ ನಗರದ ದೇವಾಂಗ ನೇಕಾರರ ಮನೆಗಳಿಂದ ಹಿಡಿದು ಹೊಸೂರು, ಡೆಂಕಣಿಕೋಟೆ ಕಡೆಯ ಹಳ್ಳಿಗಳವರೆಗೆ ಕನ್ನಡ ಕಿವಿಗೆ ಬೀಳುವ ಈ ಹಳೆಯ ಸೀಮೆಯ ಊರುಗಳ ಶ್ರೇಣಿ ಇಂದಿಗೂ ಎಸ್‌ಟಿಡಿ ಕೋಡುಗಳಲ್ಲಿ ಉಳಿದಿದೆ. ಸೇಲಂಗೆ 0427, ಧರ್ಮಪುರಿಗೆ 04342, ಹೊಸೂರಿಗೆ 04344, ಪಾಲಕೋಡಿಗೆ 04348. ಮೊದಲ ಸೊನ್ನೆ ಬಿಟ್ಟರೆ ಕೋಡು ಮತ್ತು ಊರೊಳಗಿನ ಸಂಖ್ಯೆ ಸೇರಿ ಹತ್ತು ಅಂಕಿ. ಕೋಡು ಗಿಡ್ಡವಾದಷ್ಟೂ ಊರಿನಲ್ಲಿ ಹೆಚ್ಚು ಸಂಪರ್ಕಗಳಿಗೆ ಎಡೆ. ಯಾವ ಊರು ಬೆಳೆಯುತ್ತದೆ, ಯಾವುದು ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ಯೋಜಕರ ಅಂದಾಜನ್ನು ಈ ಅಂಕಿಗಳಲ್ಲೇ ಓದಬಹುದು.

ಟ್ರಂಕ್ ಕಾಲ್ ಕಾಲದಲ್ಲಿ ಸಂಚಾರ ನಿಯಮ ಆಪರೇಟರಳ ಕೈಯಲ್ಲಿತ್ತು. ಊರಿಂದೂರಿಗೆ ಇದ್ದ ತಂತಿಗಳು ಬೆರಳೆಣಿಕೆಯವು. ಕರೆ ಬುಕ್ ಮಾಡಿ ಕಾಯಬೇಕು. ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ಸಾಧಾರಣದ ಎರಡರಷ್ಟು, ಲೈಟ್ನಿಂಗಿಗೆ ಎಂಟರಷ್ಟು ದರ. ಹಣವಿದ್ದವನು ಮುಂದೆ ಹೋಗುತ್ತಿದ್ದ, ಇದರಲ್ಲಿ ನ್ಯಾಯವಿರಲಿಲ್ಲ. ಆದರೂ ಹಿಂದೆ ಉಳಿದವನಿಗೆ ತಾನೇಕೆ ಹಿಂದೆ ಉಳಿದೆ ಎಂಬುದು ತಿಳಿದಿರುತ್ತಿತ್ತು. 1960ರಲ್ಲಿ ಕಾನ್ಪುರ–ಲಖನೌ ನಡುವೆ, ಆಪರೇಟರಳಿಲ್ಲದೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಆರಂಭವಾಯಿತು, 1986ರಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ಎಕ್ಸ್‌ಚೇಂಜ್ ಕರ್ನಾಟಕದ ಕಿತ್ತೂರಿನಲ್ಲಿ ಮೊದಲಿಗೆ ಕೆಲಸಕ್ಕೆ ನಿಂತಿತು. ಈ ಬಗೆಯ ಸ್ವಯಂಚಾಲಿತ ಯಂತ್ರಗಳು ಹಬ್ಬಿದಂತೆ ಆಪರೇಟರಳ ಕೆಲಸ ಅವುಗಳ ಪಾಲಾಯಿತು. ತಂತಿ ಖಾಲಿಯಿಲ್ಲದಿದ್ದರೆ ಎಂಗೇಜ್ ಸದ್ದು ಕೇಳಿಸುತ್ತಿತ್ತು. ಕಾರಣ ಹೇಳಲು ಆ ತುದಿಯಲ್ಲಿ ಮನುಷ್ಯರಿರಲಿಲ್ಲ.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡಾಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿತು. ದೂರವಾಣಿಯ ತಾಮ್ರದ ತಂತಿಯೇ ಇಂಟರ್‌ನೆಟ್ಟನ್ನೂ ಹೊತ್ತಿತು. ಹಲವು ಮನೆಗಳ ತಂತಿಗಳನ್ನು ಒಂದು ಮೇಲ್ಸಂಪರ್ಕಕ್ಕೆ ಸೇರಿಸುವ ಡಿಸ್ಲ್ಯಾಮ್ ಎಂಬ ಪೆಟ್ಟಿಗೆ ಎಕ್ಸ್‌ಚೇಂಜಿಗೆ ಬಂತು. ಆ ದಿನಗಳಲ್ಲಿ ಮೋಡೆಮ್ ಜೋಡಿಸಿದವರಿಗೆಲ್ಲ ವಿಪಿಐ 0, ವಿಸಿಐ 35 ಎಂಬ ಅಂಕಿಗಳು ಬಾಯಿಪಾಠ. ಮೋಡೆಮ್‌ನಿಂದ ಡಿಸ್ಲ್ಯಾಮ್‌ವರೆಗಿನ ದಾರಿಯ ಗುರುತು ಅದು, ಗ್ರಾಹಕ ತನ್ನ ಕೈಯಾರೆ ಹಾಕುತ್ತಿದ್ದದ್ದು. ಅದರಾಚೆಯ ನಿಯಮಗಳು ಅವನಿಗೆ ಕಾಣುತ್ತಿರಲಿಲ್ಲ. ಪೋರ್ಟಿನ ವೇಗದ ಮಿತಿ ಡಿಸ್ಲ್ಯಾಮ್‌ನಲ್ಲಿ, ಪ್ಲಾನಿನ ಲೆಕ್ಕ ಅದಕ್ಕೂ ಮೇಲಿನ ಸರ್ವರುಗಳಲ್ಲಿ. 2006ರಲ್ಲಿ ಹೊರಬಂದ ಟಿಆರ್-101 ಎಂಬ ಅಂತರರಾಷ್ಟ್ರೀಯ ಶಿಫಾರಸು ಧ್ವನಿ, ವೀಡಿಯೊ, ಸಾಮಾನ್ಯ ಮಾಹಿತಿಗಳಿಗೆ ಪ್ರತ್ಯೇಕ ದಾರಿ, ಪ್ರತ್ಯೇಕ ಆದ್ಯತೆ ಕೊಡುವ ವಿಧಾನವನ್ನು ವಿವರಿಸಿತು. ಎಂಟು ದರ್ಜೆಗಳನ್ನು ಗುರುತಿಸಲು ಈಥರ್‌ನೆಟ್ ಚೌಕಟ್ಟಿನಲ್ಲಿ ಮೂರು ಬಿಟ್ ಸಾಕು. ಟ್ರಂಕ್ ಕಾಲಿನ ಮೂರು ದರ್ಜೆಗಳು ಎಂಟಾದವು, ಆದರೆ ದರಪಟ್ಟಿಯಲ್ಲಿ ಇವುಗಳ ಉಲ್ಲೇಖವಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. 2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ ವೇಗವನ್ನು 256 ಕೆಬಿಪಿಎಸ್ ಎಂದು ನಿಗದಿ ಮಾಡಿತು. ಅದು 2013ರಲ್ಲಿ 512 ಕೆಬಿಪಿಎಸ್, 2023ರಲ್ಲಿ 2 ಎಂಬಿಪಿಎಸ್ ಆಯಿತು. ಮನೆಬಳಕೆಯಲ್ಲಿ ಒಬ್ಬರ ವೇಗವನ್ನು 50 ಜನ ಹಂಚಿಕೊಳ್ಳಬಹುದು ಎಂಬ ಮಿತಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2009ರಲ್ಲಿ ಸೂಚಿಸಿತು. 256 ಕೆಬಿಪಿಎಸ್‌ನ 480 ಗ್ರಾಹಕರಿರುವ ಡಿಸ್ಲ್ಯಾಮ್‌ಗೆ ಈ ಲೆಕ್ಕದಲ್ಲಿ ಸುಮಾರು 2.5 ಎಂಬಿಪಿಎಸ್ ಮೇಲ್ಸಂಪರ್ಕವಿದ್ದರೂ ನಿಯಮ ಪಾಲನೆಯಾದಂತೆಯೇ. ಎಲ್ಲರೂ ಒಮ್ಮೆಗೇ ಕುಳಿತರೆ ತಲಾ 5 ಕೆಬಿಪಿಎಸ್. ಈ ಅನುಪಾತವನ್ನು ಇಡೀ ಕಂಪನಿಗೆ ಸರಾಸರಿಯಾಗಿ ನೋಡಿದರೆ ಪ್ರಯೋಜನವಿಲ್ಲ, ಕೊರತೆ ಹುಟ್ಟುವುದು ಒಂದೊಂದು ಪೆಟ್ಟಿಗೆಯ ಬೆನ್ನಿಗಿರುವ ತಂತಿಯಲ್ಲಿ. ಸೇಲಂ ಪೇಟೆಯ ಎಕ್ಸ್‌ಚೇಂಜಿನ ಪಕ್ಕದ ಮನೆಗೂ ಏರ್ಕಾಡು ಬೆಟ್ಟದ ಮೇಲಿನ ಮನೆಗೂ ಒಂದೇ ಸರಾಸರಿ ಹೇಳಿದರೆ ಅದು ಇಬ್ಬರ ಸ್ಥಿತಿಯನ್ನೂ ತಿಳಿಸುವುದಿಲ್ಲ. ಬಿಎಸ್‌ಎನ್‌ಎಲ್‌ನ ಹಳೆಯ ಹೋಮ್ 500 ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಕೆಗೆ ಲೆಕ್ಕವಿರಲಿಲ್ಲ. ಅದೂ ಸಂಚಾರ ನಿಯಮವೇ. ಜನರಿಗೆ ಗೊತ್ತಿದ್ದರಿಂದ ದೊಡ್ಡ ಡೌನ್‌ಲೋಡುಗಳನ್ನು ಅವರೇ ಆ ಹೊತ್ತಿಗೆ ಮುಂದೂಡಿದರು. ಬಹಿರಂಗವಾದ ನಿಯಮ ಯಂತ್ರದ ಭಾರವನ್ನೂ ಇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಫೈಬರ್ ಬಂದಮೇಲೆ ಈ ಚರ್ಚೆಗೇ ಅರ್ಥವಿಲ್ಲ ಎನ್ನುವವರಿದ್ದಾರೆ. ಒಂದು ಎಳೆಯನ್ನು ಹಲವು ಮನೆಗಳು ಹಂಚಿಕೊಳ್ಳುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಕೆಳಮುಖವಾಗಿ ಸುಮಾರು 2.5 ಜಿಬಿಪಿಎಸ್ ಹರಿಯುತ್ತದೆ, ನಿಜ. 64 ಮನೆಗಳಿಗೆ ಒಡೆದರೆ ತಲಾ 39 ಎಂಬಿಪಿಎಸ್. ಮೇಲ್ಮುಖದಲ್ಲಿ ಅದರ ಅರ್ಧ ಮಾತ್ರ. ಅಲ್ಲಿ ಯಾವ ಮನೆ ಯಾವ ಕ್ಷಣದಲ್ಲಿ ಕಳಿಸಬೇಕು ಎಂದು ಎಕ್ಸ್‌ಚೇಂಜಿನಲ್ಲಿರುವ ಒಎಲ್‌ಟಿ ಎಂಬ ಯಂತ್ರವೇ ಸರದಿ ಹಂಚುತ್ತದೆ. ಕೆಲವರಿಗೆ ಖಾಯಂ ಪಾಲು, ಕೆಲವರಿಗೆ ಖಾತರಿ ಪಾಲು, ಉಳಿದವರಿಗೆ ಮಿಕ್ಕಿದ್ದು. ಫೈಬರ್ ಕೊರತೆಯನ್ನು ದೂರ ತಳ್ಳಿದೆ; ಸರದಿಯ ನಿಯಮವನ್ನು ತೆಗೆದುಹಾಕಿಲ್ಲ. ನೆಟ್ ನ್ಯೂಟ್ರಾಲಿಟಿ ನಿಯಮಗಳೇ ಸಾಕು ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. 2016ರ ಫೆಬ್ರವರಿ 8ರ ಟ್ರಾಯ್ ನಿಯಮಾವಳಿ ಮತ್ತು 2018ರಲ್ಲಿ ಸರ್ಕಾರ ಒಪ್ಪಿದ ತತ್ವಗಳು ವಿಷಯವಸ್ತುವಿನ ಆಧಾರದ ತಾರತಮ್ಯವನ್ನು ತಡೆದದ್ದು ದೊಡ್ಡ ಗೆಲುವು. ಆದರೆ ಅವು ನೋಡುವುದು ಒಂದು ಜಾಲತಾಣಕ್ಕೂ ಇನ್ನೊಂದಕ್ಕೂ ನಡುವಿನ ಭೇದವನ್ನು. ಒಂದು ಊರಿಗೂ ಇನ್ನೊಂದಕ್ಕೂ ನಡುವಿನ ಭೇದ ಅವುಗಳ ವ್ಯಾಪ್ತಿಯಲ್ಲಿಲ್ಲ. ಆ ಭೇದ ಕಾಣಬೇಕಾದರೆ ನಿಯಮ ಬಹಿರಂಗವಾಗಬೇಕು. ಹಾಗೆ ಬಯಲು ಮಾಡಿದರೆ ಭದ್ರತೆಗೆ ಧಕ್ಕೆ ಎಂಬ ಮಾತೂ ನಿಲ್ಲುವುದಿಲ್ಲ. ಕೇಳುತ್ತಿರುವುದು ಪಾಸ್‌ವರ್ಡನ್ನಲ್ಲ, ಪಾಲಿನ ಲೆಕ್ಕವನ್ನು.

ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಒಯ್ಯುವ ಕೇಂದ್ರದ ಭಾರತ್‌ನೆಟ್ ಯೋಜನೆಯಡಿ ತಮಿಳುನಾಡಿನ 12,525 ಗ್ರಾಮ ಪಂಚಾಯತಿಗಳಿಗೆ ಫೈಬರ್ ಒಯ್ಯುವ ಹೊಣೆ ತಮಿಳುನಾಡು ಫೈಬರ್‌ನೆಟ್ ನಿಗಮದ್ದು. ಧರ್ಮಪುರಿ ಜಿಲ್ಲೆಯ ಪೆನ್ನಾಗರದಂಥ ಕಡೆ ಶಾಲೆ, ಆಸ್ಪತ್ರೆ, ಪಡಿತರ ಅಂಗಡಿ, ಮನೆಗಳು ಒಂದೇ ಎಳೆಗೆ ಬರುವಾಗ ಯಾರಿಗೆ ಖಾತರಿ ಪಾಲು ಎಂಬುದನ್ನು ಗ್ರಾಮಸಭೆಯೇ ಚರ್ಚಿಸಬಹುದು. ಮೂರು ಅಂಕಿಗಳನ್ನು ಪಂಚಾಯತಿ ಕಚೇರಿಯ ಫಲಕದಲ್ಲಿ ಬರೆಯುವ ವ್ಯವಸ್ಥೆ ಕೂಡಲೇ ಆಗಬೇಕು: ಆ ಊರಿನ ಪೆಟ್ಟಿಗೆಯ ಮೇಲ್ಸಂಪರ್ಕ ಎಷ್ಟು, ಅದನ್ನು ಹಂಚಿಕೊಂಡವರು ಎಷ್ಟು ಮಂದಿ, ದಟ್ಟಣೆಯಾದಾಗ ಮೊದಲ ಸಾಲು ಯಾರದ್ದು. ತಮಿಳಿನಲ್ಲೂ, ಕನ್ನಡ ಬಲ್ಲವರಿರುವ ಊರುಗಳಲ್ಲಿ ಕನ್ನಡದಲ್ಲೂ.