ಓಲೆಯ ಎರಡು ತುದಿ

ಯುದ್ಧವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕತ್ತಿ, ಕುದುರೆ, ತೋಪು. ಇವುಗಳ ನಡುವೆ ಸದ್ದಿಲ್ಲದೆ ಓಡಾಡುವ ಚೀಟಿಯನ್ನು ನಾವು ಗಮನಿಸುವುದು ಕಡಮೆ. ದಂಡು ಯಾವ ದಾರಿ ಹಿಡಿಯಬೇಕು, ಸ್ನೇಹಿತರ ಸೈನ್ಯ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ತಿಳಿಸುವ ಆ ಚೀಟಿ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ತೋಪು ಬರಿಯ ಲೋಹದ ತುಂಡು. ಈ ಮಾತಿಗೆ ನಿದರ್ಶನವನ್ನು ಹುಡುಕಿಕೊಂಡು ನಾವು ಪರದೇಶಕ್ಕೆ ಹೋಗಬೇಕಾಗಿಲ್ಲ. ಮೈಸೂರಿನ ಚರಿತ್ರೆಯಲ್ಲಿಯೇ ಎರಡು ಪ್ರಸಂಗಗಳಿವೆ.

ಕನ್ನಡ ಪಾಠ ಹೇಳುವವನಾದುದರಿಂದ ನನಗೆ ಮೊದಲು ನೆನಪಾಗುವುದು ‘ಅಂಚೆ’ ಎಂಬ ಶಬ್ದ. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ ಆ ಹಕ್ಕಿಗೂ ನಮ್ಮ ಟಪಾಲಿಗೂ ನಂಟುಂಟೇ ಎಂಬ ವಿಚಾರವನ್ನು ನಿಘಂಟುಕಾರರಿಗೆ ಬಿಡೋಣ. ಮೈಸೂರಿನ ಅಂಚೆಯಂತೂ ಹಂಸದಷ್ಟು ಸಾಧುವಾಗಿರಲಿಲ್ಲ. ಚಿಕ್ಕದೇವರಾಜ ಒಡೆಯರ (೧೬೭೩-೧೭೦೪) ಕಾಲದಲ್ಲಿ ಏರ್ಪಟ್ಟ ಈ ವ್ಯವಸ್ಥೆಯಲ್ಲಿ ಅಂಚೆಯವರು ಓಲೆಗಳನ್ನು ಸಾಗಿಸುವುದರ ಜೊತೆಗೆ ತಮ್ಮ ತಮ್ಮ ಸೀಮೆಯ ಗುಟ್ಟಿನ ಸಮಾಚಾರಗಳನ್ನೂ ಅರಮನೆಗೆ ತಿಳಿಸುತ್ತಿದ್ದರೆಂದು, ಮುಂದೆ ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯಲ್ಲಿ ಹೇಳಿದ್ದಾನೆ. ಹೈದರಾಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದನು. ಹೀಗೆ ಸುದ್ದಿಯ ಬೆಲೆಯನ್ನು ಚೆನ್ನಾಗಿ ಬಲ್ಲ ರಾಜ್ಯವೊಂದು ಟಿಪ್ಪು ಸುಲ್ತಾನನ ಕೈಗೆ ಬಂದಿತು.

ಮೊದಲನೆಯ ಪ್ರಸಂಗ ೧೭೯೧ನೆಯ ಇಸವಿಯದು. ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೊರಟು, ೧೫ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಗೆದ್ದನು. ಗೆದ್ದರೂ ಮುಂದುವರಿಯುವ ಶಕ್ತಿ ಅವನಿಗಿರಲಿಲ್ಲ. ಪಾಳೆಯದಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು. ತೋಪುಗಳನ್ನು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತಿದ್ದುವು. ಆದುದರಿಂದ ತಾನು ಅಷ್ಟು ದೂರದಿಂದ ತಂದಿದ್ದ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿಸಿ, ಬೆಂಗಳೂರಿಗೆ ಹಿಂದಿರುಗಲು ಹೊರಟನು.

ಹಿಂದಿರುಗುವ ದಾರಿಯಲ್ಲಿ, ಮೇಲುಕೋಟೆಯ ಸಮೀಪ, ಕುದುರೆಯ ದಂಡೊಂದು ಕಾಣಿಸಿಕೊಂಡಿತು. ಶತ್ರುವೆಂದು ತಿಳಿದು ಇಂಗ್ಲಿಷರು ಕಾದಲು ಸಿದ್ಧರಾದರು. ಬಂದವರು ಮರಾಠರು, ಇಂಗ್ಲಿಷರ ಸ್ನೇಹಿತರು! ಧಾರವಾಡದ ಕೋಟೆಯನ್ನು ಹಿಡಿದಿದ್ದ ಪರಶುರಾಮ ಭಾವುವೂ, ಇಂದು ನಮ್ಮ ತುಮಕೂರು ಜಿಲ್ಲೆಗೆ ಸೇರಿರುವ ಶಿರಾ ಕಡೆಯಿಂದ ಇಳಿದು ಬಂದ ಹರಿಪಂತನೂ ದೊಡ್ಡ ಸೈನ್ಯದೊಡನೆ ಸಮೀಪಿಸಿದ್ದರು. ಅವರ ಬಜಾರಿನಲ್ಲಿ ದಿನಸಿಗೆ ಕೊರತೆಯಿರಲಿಲ್ಲ. ಬೆಲೆ ಮಾತ್ರ ದುಬಾರಿಯಾಗಿತ್ತು. ಕೆಲವು ದಿನಗಳ ಮೊದಲು ಸುದ್ದಿ ಸಿಕ್ಕಿದ್ದರೆ ಕಾರ್ನ್‌ವಾಲಿಸ್ ತನ್ನ ತೋಪುಗಳನ್ನು ಒಡೆಸುತ್ತಿರಲಿಲ್ಲ. ಮರಾಠರು ಸುದ್ದಿ ಕಳುಹಿಸದೆ ಇರಲಿಲ್ಲ. ಟಿಪ್ಪುವಿನ ಹಗುರ ಕುದುರೆಯವರು ದಾರಿಯಲ್ಲಿಯೇ ಹರಿಕಾರರನ್ನು ಹಿಡಿಯುತ್ತಿದ್ದರು. ಹೀಗೆ ಒಂದು ದೊಡ್ಡ ದಂಡಿನ ಕಣ್ಣನ್ನು ಕಟ್ಟಿ, ಸುಲ್ತಾನನು ರಾಜಧಾನಿಯನ್ನು ಆ ವರ್ಷಕ್ಕೆ ಉಳಿಸಿಕೊಂಡನು.

ಎರಡನೆಯ ಪ್ರಸಂಗ ಇದಕ್ಕೆ ತೀರ ವಿರುದ್ಧವಾದುದು. ೧೭೯೨ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದ ಟಿಪ್ಪು ಫ್ರೆಂಚರ ನೆರವನ್ನು ಕೋರಿ ಮಾರಿಷಸ್ ದ್ವೀಪಕ್ಕೆ ದೂತರನ್ನು ಕಳುಹಿಸಿದನು. ಗುಟ್ಟಾಗಿ ನಡೆಯಬೇಕಾದ ಕಾರ್ಯ ಅದು. ಓಲೆ ಸಮುದ್ರವನ್ನು ದಾಟಿ ಸುರಕ್ಷಿತವಾಗಿಯೇ ಮುಟ್ಟಿತು. ಮುಟ್ಟಿಸಿಕೊಂಡ ಗವರ್ನರ್ ಮಲಾರ್ತಿಕ್ ಮಾಡಿದುದೇನು? ಕೊಡಲು ತನ್ನಲ್ಲಿ ಸೈನ್ಯವಿಲ್ಲದುದರಿಂದ, ಸ್ವಂತ ಇಚ್ಛೆಯಿಂದ ಬರುವವರು ಬನ್ನಿರೆಂದು ೧೭೯೮ರ ಜನವರಿ ೩೦ರಂದು ಬಹಿರಂಗ ಘೋಷಣೆಯನ್ನು ಹೊರಡಿಸಿಬಿಟ್ಟನು! ಬಂದವರು ನೂರು ಜನರೂ ಇಲ್ಲ. ಘೋಷಣೆಯ ಪ್ರತಿ ಮಾತ್ರ ಜೂನ್ ತಿಂಗಳಲ್ಲಿ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ, ಆಗತಾನೆ ಗವರ್ನರ್ ಜನರಲ್ ಆಗಿ ಬಂದಿದ್ದ ವೆಲ್ಲೆಸ್ಲಿಯ ಕಣ್ಣಿಗೆ ಬಿದ್ದಿತು. ಯುದ್ಧಕ್ಕೆ ಅವನಿಗೆ ಬೇಕಾಗಿದ್ದ ಕಾರಣ ಕೈಗೆ ಸಿಕ್ಕಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು.

ಏಳು ವರ್ಷವೂ ತುಂಬದ ಅಂತರದಲ್ಲಿ ನಡೆದ ಈ ಎರಡು ಸಂಗತಿಗಳನ್ನು ಓದುಗರು ಒಟ್ಟಿಗೆ ಇಟ್ಟು ನೋಡಬೇಕು. ಹಗೆಯ ಓಲೆಯನ್ನು ದಾರಿಯಲ್ಲಿ ತಡೆಯಬಲ್ಲವನಿಗೆ ತನ್ನ ಓಲೆಯ ಕೊನೆಯ ತುದಿಯನ್ನು ಕಾಯಲಾಗಲಿಲ್ಲ. ದಾರಿಗೆ ಕಾವಲಿಡಬಹುದು, ಓದುವವನ ವಿವೇಕಕ್ಕೆ ಕಾವಲಿಡುವುದು ಹೇಗೆ?

ಈಗ ಹರಿಕಾರನಿಲ್ಲ. ಮೈಸೂರಿನ ಅಂಚೆ ೧೮೮೯ರಲ್ಲಿಯೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ನಾನಿರುವ ತುಮಕೂರಿನ ಶೆಟ್ಟಿಹಳ್ಳಿಯಿಂದ ಬೆಂಗಳೂರಿಗೆ ಹೊರಟರೆ, ಊರು ಹೊಗುವಾಗ ಜಾಲಹಳ್ಳಿಯ ಕ್ರಾಸ್ ಸಿಕ್ಕುತ್ತದೆ. ದಂಡಿಗೆ ರೇಡಿಯೊ ಉಪಕರಣಗಳನ್ನು ನಮ್ಮಲ್ಲಿಯೇ ತಯಾರಿಸಬೇಕೆಂದು ೧೯೫೪ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇರುವುದು ಆ ಜಾಲಹಳ್ಳಿಯಲ್ಲಿ. ವಿನೋದವೆಂದರೆ ಅದಕ್ಕೆ ಮೊದಲು ತಾಂತ್ರಿಕ ನೆರವು ಕೊಟ್ಟುದು ಫ್ರಾನ್ಸಿನ ಕಂಪನಿ. ಈ ಬಾರಿ ಫ್ರೆಂಚರ ನೆರವು ಫಲಿಸಿತು! ೨೦೧೩ರಲ್ಲಿ ನೌಕಾಪಡೆಯ ಸಂದೇಶಗಳಿಗೆಂದೇ ಜಿಸ್ಯಾಟ್-೭ ಉಪಗ್ರಹ ಆಕಾಶಕ್ಕೇರಿತು. ಮಾತನ್ನು ಸಂಕೇತಗಳಾಗಿ ಮಾರ್ಪಡಿಸಿ, ಬೀಗದ ಕೈಯಿಲ್ಲದವನಿಗೆ ಅರ್ಥವಾಗದಂತೆ ಕಳುಹಿಸುವ ಗಣಿತವೂ ಬೆಳೆದಿದೆ. ಹಗೆಯ ಕುದುರೆಯವರ ಸ್ಥಾನದಲ್ಲಿ ಅಲೆಗಳನ್ನು ಕೆಡಿಸುವ ಯಂತ್ರಗಳೂ ಗಣಕಗಳೊಳಗೆ ನುಸುಳುವ ಕಳ್ಳರೂ ಇದ್ದಾರೆ.

ದಾರಿಯ ಕಾವಲು ಇಷ್ಟು ಬಲವಾದ ಮೇಲೂ ತುದಿಯ ಕಷ್ಟ ತಪ್ಪಿಲ್ಲ. ೨೦೨೦ರ ಜುಲೈನಲ್ಲಿ ನಮ್ಮ ಸೈನ್ಯ ತನ್ನವರಿಗೆ, ಫೇಸ್‌ಬುಕ್ ಮೊದಲಾದ ೮೯ ಆ್ಯಪ್‌ಗಳನ್ನು ಮೊಬೈಲುಗಳಿಂದ ತೆಗೆದುಹಾಕಬೇಕೆಂದು ಆಜ್ಞೆ ಮಾಡಿತು. ಮನೆಯವರಿಗೆಂದು ಸಿಪಾಯಿ ಕಳುಹಿಸಿದ ಒಂದು ಚಿತ್ರ ಪಾಳೆಯದ ನೆಲೆಯನ್ನು ಹಗೆಗೆ ಹೇಳಿಬಿಡಬಹುದು. ಮಲಾರ್ತಿಕನಿಗೂ ಟಿಪ್ಪುವಿಗೆ ಕೇಡು ಬಗೆಯುವ ಉದ್ದೇಶವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಗುಟ್ಟು ಹೊರಬೀಳಲು ದ್ರೋಹಿಯೇ ಬೇಕೆಂದಿಲ್ಲ. ಆಲೋಚನೆಯಿಲ್ಲದ ಸ್ನೇಹಿತನೊಬ್ಬನಿದ್ದರೆ ಸಾಕು. ಅಂಥವನನ್ನು ತಿದ್ದುವ ಯಂತ್ರವನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಅದು ಶಿಕ್ಷಣದ ಕೆಲಸ, ತಾಳ್ಮೆಯಿಂದ ದಿನದಿನವೂ ಮಾಡಬೇಕಾದ ಕೆಲಸ.