ಅಣುವಿನ ಪುರಾವೆ, ಗಿಡದ ಕಾಯ್ದೆ: ಕರ್ನಾಟಕದ ಗ್ರಾಮೀಣ ಅಪಸ್ಮಾರ ಚಿಕಿತ್ಸೆ ಮತ್ತು ಸಿಬಿಡಿ

ಸಾರಾಂಶ

ಹೆಂಪ್‌ನಿಂದ ತೆಗೆದ ಕ್ಯಾನಬಿಡಯಾಲ್, ಅಂದರೆ ಸಿಬಿಡಿ, ನಿದ್ದೆಗೂ ನೋವಿಗೂ ಆತಂಕಕ್ಕೂ ಮದ್ದೆಂದು ಮಾರಾಟವಾಗುತ್ತಿದೆ. ಗಟ್ಟಿ ಪುರಾವೆ ಇರುವುದಾದರೋ ಮಾತ್ರೆಗೆ ಬಗ್ಗದ ಕೆಲವು ವಿರಳ ಅಪಸ್ಮಾರಗಳಿಗೆ ಮಾತ್ರ. ಆ ಪುರಾವೆ ಒಂದು ಅಣುವಿನ ಗೊತ್ತಾದ ಪ್ರಮಾಣಕ್ಕೆ ಸಂಬಂಧಿಸಿದ್ದು. ನಮ್ಮ ಕಾಯ್ದೆಗಳು ನೋಡುವುದು ಹೆಚ್ಚಾಗಿ ಗಿಡದ ಭಾಗಗಳನ್ನು. ಈ ಅಂತರ ಗ್ರಾಮೀಣ ರೋಗಿಗೆ ಏನು ಮಾಡಬಲ್ಲದೆಂಬುದನ್ನು ಲೇಖನ ಪರಿಶೀಲಿಸುತ್ತದೆ.

1. ಹಿನ್ನೆಲೆ

ಗಾಂಜಾ ಗಿಡದಿಂದ ಸೆಳವಿಗೆ ಮದ್ದು ಮಾಡುವ ಯತ್ನ ಹೊಸದಲ್ಲ. ಎಳೆಗೂಸೊಂದರ ಸೆಳವಿಗೆ ಗಾಂಜಾ ಟಿಂಕ್ಚರ್ ಕೊಟ್ಟ ಬಗೆಯನ್ನು ಕಲ್ಕತ್ತ ವೈದ್ಯಕೀಯ ಕಾಲೇಜಿನ ವಿಲಿಯಂ ಬ್ರೂಕ್ ಒಶಾನೆಸ್ಸಿ 1839ರಲ್ಲೇ ದಾಖಲಿಸಿದ್ದ. ಅದರೊಳಗಿನ ಯಾವ ರಾಸಾಯನಿಕ ಕೆಲಸ ಮಾಡಿತೆಂದು ತಿಳಿಯುವ ದಾರಿ ಆಗ ಇರಲಿಲ್ಲ. 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಸಿಬಿಡಿಯನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಾಫೇಲ್ ಮೆಕೂಲಂ ಮತ್ತು ಸಂಗಡಿಗರು ಅದರ ರಚನೆಯನ್ನು ಬಿಡಿಸಿ, ಮರುವರ್ಷ ಅಮಲೇರಿಸುವ ಟಿಎಚ್‌ಸಿಯ ರಚನೆಯನ್ನೂ ತೋರಿಸಿದರು. ಅಮಲು ತರುವ ಅಣು ಒಂದು, ಅಮಲಿಲ್ಲದ ಸಿಬಿಡಿ ಇನ್ನೊಂದು ಎಂಬುದು ಆಗ ಸ್ಪಷ್ಟವಾಯಿತು. ಟಿಎಚ್‌ಸಿ ಅತ್ಯಲ್ಪವಾಗಿರುವ ತಳಿಗಳಿಗೇ ಇಂದು ಹೆಂಪ್ ಎನ್ನುವುದು.

2. ಪುರಾವೆಯ ವ್ಯಾಪ್ತಿ

ಡ್ರಾವೆ ಎಂಬ ತೀವ್ರ ಬಾಲ್ಯದ ಅಪಸ್ಮಾರವಿದ್ದ 120 ಮಕ್ಕಳು ಮತ್ತು ಹದಿಹರೆಯದವರ ಮೇಲಿನ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂ ಸಿಬಿಡಿ ಪಡೆದವರಲ್ಲಿ ತಿಂಗಳ ಸೆಳವುಗಳ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು, ಹುಸಿಮದ್ದು ಪಡೆದವರಲ್ಲಿ 14.9ರಿಂದ 14.1ಕ್ಕೆ. ಮರುವರ್ಷ ಲೆನಾಕ್ಸ್–ಗಸ್ಟೋ ಸಿಂಡ್ರೋಮ್ ಎಂಬ ಇನ್ನೊಂದು ತೀವ್ರ ಅಪಸ್ಮಾರದಲ್ಲೂ ಇದೇ ದಿಕ್ಕಿನ ಫಲಿತಾಂಶ ಬಂತು. 2018ರ ಜೂನ್‌ನಲ್ಲಿ ಅಮೆರಿಕ ಎಪಿಡಿಯೊಲೆಕ್ಸ್ ಎಂಬ ಸಿಬಿಡಿ ಔಷಧಕ್ಕೆ ಒಪ್ಪಿಗೆ ನೀಡಿತು.

ಇದು ನಿರಪಾಯವಾದ ಸೊಪ್ಪಿನ ರಸವಲ್ಲ. ಮಂಪರು, ಭೇದಿ, ಯಕೃತ್ತಿನ ಕಿಣ್ವಗಳ ಏರಿಕೆ ಇದರ ಅಡ್ಡಪರಿಣಾಮಗಳು. ವಾಲ್‌ಪ್ರೊಯೇಟ್ ಜೊತೆಗೆ ಯಕೃತ್ತಿನ ತೊಂದರೆ ಹೆಚ್ಚು. ಕ್ಲೋಬಜಾಮ್ ಸೇವಿಸುವವರ ರಕ್ತದಲ್ಲಿ ಅದರ ಸಕ್ರಿಯ ಉಪಉತ್ಪನ್ನವನ್ನೂ ಸಿಬಿಡಿ ಏರಿಸುತ್ತದೆ.

ಆತಂಕದ ವಿಷಯದಲ್ಲಿ ಪುರಾವೆ ತೆಳ್ಳಗಿದೆ. ಬ್ರೆಜಿಲ್‌ನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನ ಸಾಮಾಜಿಕ ಭಯವಿದ್ದ ಕೇವಲ 24 ಮಂದಿಯದು. ಭಾಷಣದ ಪರೀಕ್ಷೆಗೆ ಮುನ್ನ ಅವರಲ್ಲಿ ಅರ್ಧದಷ್ಟು ಜನರಿಗೆ ಒಂದೇ ಬಾರಿ 600 ಮಿಲಿಗ್ರಾಂ ಕೊಡಲಾಗಿತ್ತು. ಪ್ರಮಾಣದ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಡ್ರಾವೆ ಪ್ರಯೋಗದ ಲೆಕ್ಕದಲ್ಲಿ 20 ಕಿಲೋ ತೂಗುವ ಮಗುವಿಗೆ ದಿನಕ್ಕೆ 400 ಮಿಲಿಗ್ರಾಂ ಬೇಕು. ಆಹಾರದ ರೂಪದ ಸಿಬಿಡಿಯನ್ನು ಆರೋಗ್ಯವಂತ ವಯಸ್ಕರು ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದು 2023ರಲ್ಲಿ ಬ್ರಿಟನ್ನಿನ ಆಹಾರ ಪ್ರಾಧಿಕಾರ ಹೇಳಿತು. ಸುರಕ್ಷಿತವೆಂದ ಪ್ರಮಾಣಕ್ಕೆ ಗುಣದ ಪುರಾವೆಯಿಲ್ಲ. ಗುಣ ಕಂಡ ಪ್ರಮಾಣಕ್ಕೆ ವೈದ್ಯರ ನಿಗಾ ಬೇಕೇ ಬೇಕು.

3. ಕಾಯ್ದೆಯ ಕಣ್ಣು

1985ರ ಮಾದಕ ವಸ್ತು ಕಾಯ್ದೆ ಚರಸ್ಸನ್ನೂ ಹೂ–ಕಾಯಿ ಬಿಟ್ಟ ತುದಿಯಾದ ಗಾಂಜಾವನ್ನೂ ನಿಷೇಧಿಸುತ್ತದೆ. ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಈ ನೆಲೆಯಲ್ಲೇ 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್ ಎಲೆಯಿಂದ ಮಾಡುವ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ನೀಡಿದರು. 2021ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿತು. ಔಷಧ ನಿಯಮಗಳ ಇ(1) ಅನುಸೂಚಿ ಬೀಜ ಬಿಟ್ಟು ಉಳಿದ ಭಂಗಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ಆಯುರ್ವೇದ ದ್ರವ್ಯಗಳ ಪಟ್ಟಿಗೆ ಸೇರಿಸಿದೆ.

ಇದರಿಂದ ಕೊಳ್ಳುವವರಿಗೆ ಎರಡು ಗೊಂದಲ. ಒಂದು, ಬೀಜದ ಎಣ್ಣೆಯಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಅದು ಅಡುಗೆಯ ಎಣ್ಣೆ, ಸೆಳವಿನ ಮದ್ದಲ್ಲ. ಎರಡು, ಎಲೆಯಿಂದ ತೆಗೆದ ಸಾರದಲ್ಲಿ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಎಂಬುದು ಎಲೆ ಎಂಬ ಹೆಸರಿನಿಂದ ತಿಳಿಯುವುದಿಲ್ಲ. ಅಮೆರಿಕದಲ್ಲಿ ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಚೀಟಿಯ ಪ್ರಮಾಣ ಸರಿಯಿದ್ದದ್ದು ಶೇ 31ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

4. ನಲ್ಲೂರಿನ ಕಡೆಯಿಂದ ನೋಡಿದರೆ

ನಿಮ್ಹಾನ್ಸ್ ತಜ್ಞರು ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 1,02,557 ಜನರನ್ನು ಸಮೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಪಸ್ಮಾರ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 12, ನಗರದಲ್ಲಿ 6ಕ್ಕಿಂತ ಕಡಿಮೆ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಅಡಿಕೆ ಸೀಮೆಯ ಊರಿಗೆ ಈ ಅಂಕಿಯನ್ನು ಯಥಾವತ್ತಾಗಿ ಅನ್ವಯಿಸಲಾಗದು. ಆದರೆ ಹೊರೆ ಹಳ್ಳಿಯ ಕಡೆಗೇ ವಾಲಿದೆ ಎಂಬ ಸೂಚನೆಯನ್ನು ತಳ್ಳಿಹಾಕುವಂತಿಲ್ಲ.

ಈ ರೋಗಿಗಳಲ್ಲಿ ಡ್ರಾವೆಯಂಥ ವಿರಳ ರೋಗದವರು ಕೆಲವೇ ಮಂದಿ. ಸರಿಯಾದ ಚಿಕಿತ್ಸೆ ದೊರೆತರೆ ಅಪಸ್ಮಾರವಿರುವ ಶೇ 70ರಷ್ಟು ಜನ ಸೆಳವಿಲ್ಲದೆ ಬಾಳಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಫೀನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪೀನ್‌ಗಳಂಥ ಹಳೆಯ ಮಾತ್ರೆಗಳು ಇಂದಿಗೂ ಆ ಚಿಕಿತ್ಸೆಯ ಮುಖ್ಯ ಭಾಗ. ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಾಣುವ, ತಲೆಗೆ ಬಿಸಿನೀರು ಸುರಿದಾಗ ಬರುವ ಅಪಸ್ಮಾರಕ್ಕೂ ಸರಳ ಉಪಾಯವಿದೆ: ನೀರಿನ ಬಿಸಿ ತಗ್ಗಿಸುವುದು, ಬೇಕಾದರೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ತೆಗೆದುಕೊಳ್ಳುವುದು. ಅದೇ ಕ್ಲೋಬಜಾಮಿನ ಪರಿಣಾಮವನ್ನು ಏರುಪೇರು ಮಾಡುವ ಸಿಬಿಡಿ ಎಣ್ಣೆಯನ್ನು ವೈದ್ಯರಿಗೆ ಹೇಳದೆ ಬಳಸಿದರೆ ಮಂಪರು ಹೆಚ್ಚಬಹುದು. ಎಣ್ಣೆ ನಂಬಿ ಮಾತ್ರೆ ನಿಲ್ಲಿಸುವುದು ಇನ್ನೂ ಅಪಾಯ: ಬಿಡದೆ ಬರುವ ಸೆಳವು ಪ್ರಾಣಕ್ಕೇ ಎರವಾಗಬಹುದು.

5. ಸಮಾರೋಪ

ಸಿಬಿಡಿ ಔಷಧವೆಂಬುದು ಸಾಬೀತಾಗಿದೆ. ಸರ್ವರೋಗಕ್ಕೂ ಔಷಧವೆಂಬುದು ಸಾಬೀತಾಗಿಲ್ಲ. ಹೂವೋ ಎಲೆಯೋ ಎಂಬ ವಿಂಗಡಣೆಗೆ ಪೊಲೀಸ್ ಠಾಣೆಯಲ್ಲಿ ಅರ್ಥವಿರಬಹುದು, ಔಷಧಿ ಅಂಗಡಿಯಲ್ಲಿ ಅದು ಸಾಲದು. ಅಲ್ಲಿ ಪ್ರತಿ ಬ್ಯಾಚಿನ ಸಿಬಿಡಿ, ಟಿಎಚ್‌ಸಿ ಪ್ರಮಾಣದ ಪರೀಕ್ಷಾ ವರದಿ ಕಡ್ಡಾಯವಾಗಬೇಕು. ಮಾತ್ರೆಗೆ ಬಗ್ಗದ ರೋಗಿಗಳ ಮೇಲೆ ರಾಜ್ಯದ ನರರೋಗ ಕೇಂದ್ರಗಳಲ್ಲಿ ನಿಯಂತ್ರಿತ ಪ್ರಯೋಗ ನಡೆಯಬೇಕು. ಇವೆರಡಕ್ಕೂ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ಹಳೆಯ ಮಾತ್ರೆಗಳು ತಿಂಗಳು ತಪ್ಪದೆ ಸಿಗಬೇಕು. ಅವುಗಳನ್ನು ಸರಿಯಾಗಿ ಕೊಟ್ಟು ನೋಡದ ಹೊರತು ಯಾರ ಅಪಸ್ಮಾರ ಮಾತ್ರೆಗೆ ಬಗ್ಗುವುದಿಲ್ಲ, ಯಾರಿಗೆ ಸಿಬಿಡಿ ನಿಜಕ್ಕೂ ಬೇಕು ಎಂಬುದನ್ನು ನಿರ್ಧರಿಸಲು ಬರುವುದಿಲ್ಲ.